ಒಂದೆಲಗ: ಹಿತ್ತಲಿನಿಂದ ಕುಷ್ಠಾಸ್ಪತ್ರೆಗೆ, ಅಲ್ಲಿಂದ ಕನ್ನಡಿಯ ಮುಂದಕ್ಕೆ

ಕಳೆದ ವರ್ಷ ಚೆನ್ನೈಯ ನಮ್ಮ ಮನೆಯಲ್ಲೊಂದು ಗಾಬರಿ ಹುಟ್ಟಿತು. ಕಾಲೇಜಿಗೆ ಹೋಗುವ ಮಗಳು ಗೆಳತಿಯರ ಮಾತು ಕೇಳಿ ಮುಖವನ್ನು ಬೆಳ್ಳಗೆ ಮಾಡುವುದೆಂಬ ಯಾವುದೋ ಕ್ರೀಮನ್ನು ನಾಲ್ಕು ತಿಂಗಳು ಹಚ್ಚಿಕೊಂಡಿದ್ದಳು. ಮೊದಲ ವಾರಗಳಲ್ಲಿ ಮುಖ ಹೊಳೆಯಿತು. ಆಮೇಲೆ ಕೆನ್ನೆ ಕೆಂಪಾಯಿತು, ಉರಿ ಬಂತು. ಬಿಸಿಲಿಗೆ ಹೋದರೆ ಕಣ್ಣೀರು ಬರುವಷ್ಟು ನೋವು. ಚರ್ಮವೈದ್ಯೆ ನೋಡಿದೊಡನೆ ಹೇಳಿದರು: ಅದರಲ್ಲಿ ಸ್ಟಿರಾಯ್ಡ್ ಇದ್ದಿರಬೇಕು. ಇಂಥ ಮುಲಾಮುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ಅಧಿಸೂಚನೆ ಹೊರಡಿಸಿದ್ದರೂ ಅವು ಅಂಗಡಿಯಲ್ಲಿ ಸಿಗುತ್ತಲೇ ಇವೆ. ಸರ್ಕಾರಿ ನೌಕರಿಯಲ್ಲಿರುವ ನಮಗೆ ಅಧಿಸೂಚನೆಗೂ ಅಂಗಡಿಗೂ ನಡುವಣ ದೂರ ಹೊಸ ವಿಷಯವೇನಲ್ಲ. ಆದರೆ ಅದು ನಮ್ಮ ಮಗಳ ಕೆನ್ನೆಯ ಮೇಲೆಯೇ ಕಾಣಿಸಿಕೊಂಡೀತೆಂದು ಎಣಿಸಿರಲಿಲ್ಲ.

ವೈದ್ಯೆ ಎಲ್ಲವನ್ನೂ ನಿಲ್ಲಿಸಲು ಹೇಳಿ, ಕೊನೆಯಲ್ಲಿ ಒಂದು ಸಣ್ಣ ಟ್ಯೂಬಿನ ಹೆಸರು ಬರೆದುಕೊಟ್ಟರು. 'ಇದು ಔಷಧಿಯಲ್ಲ, ಉರಿಗೆ ಸ್ವಲ್ಪ ಹಿತ ಕೊಡುತ್ತದೆ, ಅಷ್ಟೇ' ಎಂದರು. ಟ್ಯೂಬಿನ ಪೆಟ್ಟಿಗೆಯ ಮೇಲೆ ದುಂಡನೆಯ ಹಸಿರೆಲೆಯೊಂದರ ಚಿತ್ರವಿತ್ತು. ಪುತ್ತೂರಿನಿಂದ ಬಂದು ನಮ್ಮೊಡನಿದ್ದ ತಾಯಿಯವರಿಗೆ ಇಂಗ್ಲಿಷ್ ಓದಲು ಬಾರದು. ಅವರು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಮೊಮ್ಮಗಳನ್ನು ಕೇಳಿದರು: 'ಇದು ನಮ್ಮ ತಿಮರೆ ಅಲ್ವಾ ಮಗಾ?'

ತಿಮರೆಯೇ. ತುಳುನಾಡಿನ ತಿಮರೆ, ಕನ್ನಡದ ಒಂದೆಲಗ. ತುಪ್ಪದಲ್ಲಿ ಹುರಿದ ಜೀರಿಗೆ, ಕರಿಮೆಣಸು, ತೆಂಗಿನತುರಿಗಳೊಡನೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿಯಾಗುವ ಎಲೆ. ಪೆಟ್ಟಿಗೆಯಲ್ಲಿ ಅದರ ಹೆಸರು ಸೆಂಟೆಲ್ಲಾ ಏಷಿಯಾಟಿಕಾ ಎಂದಿತ್ತು. ಮರುದಿನ ತಾಯಿಯವರೇ ತರಕಾರಿಯವಳ ಬುಟ್ಟಿಯಿಂದ ವಲ್ಲಾರೈ ಕೀರೈ ಎಂಬ ಹೆಸರಿನಲ್ಲಿ ಅದರ ಒಂದು ಕಟ್ಟನ್ನು ಕೊಂಡುತಂದರು. ಟ್ಯೂಬಿಗೆ ಕೊಟ್ಟ ಹಣದಲ್ಲಿ ಅಂಥ ಕಟ್ಟುಗಳು ಬುಟ್ಟಿಗಟ್ಟಲೆ ಬರುತ್ತಿದ್ದವು. 'ನಮ್ಮದನ್ನೇ ನಮಗೆ ಮಾರುತ್ತಿದ್ದಾರೆ' ಎಂದು ನಾವೂ ಆ ದಿನ ಎಲ್ಲರಂತೆ ಆಡಿದೆವು. ಆದರೆ ಹಳೆಯ ಕಡತವನ್ನು ತೆರೆಯದೆ ಹೊಸ ಟಿಪ್ಪಣಿ ಬರೆಯಬಾರದೆಂಬುದು ನಮ್ಮ ಕಚೇರಿಗಳ ಶಿಸ್ತು. ಈ ಎಲೆಯ ಕಡತವನ್ನು ತೆರೆದು ನೋಡಿದಾಗ, ಆಡಿದ ಮಾತನ್ನು ಬಹಳಷ್ಟು ತಿದ್ದಿಕೊಳ್ಳಬೇಕಾಯಿತು. ಆ ತಿದ್ದುಪಡಿಯೇ ಈ ಬರಹ.

ಮೊದಲು ಹೆಸರುಗಳ ಮಾತು. ಹೊರನಾಡಿನ ಕನ್ನಡಿಗರು ಈ ಎಲೆಯನ್ನು ಒಂದೊಂದು ಊರಿನಲ್ಲಿ ಒಂದೊಂದು ಹೆಸರಿನಿಂದ ಕೇಳಬೇಕಾಗುತ್ತದೆ. ಚೆನ್ನೈಯಲ್ಲಿ ವಲ್ಲಾರೈ, ಹೈದರಾಬಾದಿನಲ್ಲಿ ಸರಸ್ವತಿ ಆಕು, ಮುಂಬಯಿ ಪುಣೆಗಳಲ್ಲಿ ಬ್ರಾಹ್ಮಿ. ಕೊಂಕಣಿಯವರು ಏಕಪಾನಿ ಎನ್ನುತ್ತಾರೆ. ಒಂದೆಲಗವೆಂಬ ಮಾತಿಗೆ ಅದು ಸರಿಜೋಡಿ. ಒಂದೊಂದು ತೊಟ್ಟಿಗೆ ಒಂದೇ ಎಲೆ ನಿಲ್ಲುವುದನ್ನು ಕಂಡು ಇಟ್ಟ ಹೆಸರುಗಳಿವು. ಬ್ರಾಹ್ಮಿಯೆಂಬ ಹೆಸರು ಮಾತ್ರ ತೊಡಕಿನದು. ಉತ್ತರ ಭಾರತದಲ್ಲಿ ಬ್ರಾಹ್ಮಿಯೆಂದರೆ ಸಾಮಾನ್ಯವಾಗಿ ಬಕೋಪಾ ಎಂಬ ಬೇರೊಂದು ಗಿಡ. ನಮ್ಮ ದುಂಡೆಲೆಯ ಗಿಡಕ್ಕೆ ಸಂಸ್ಕೃತದ ಹೆಸರು ಮಂಡೂಕಪರ್ಣಿ. ಸುಶ್ರುತ ಸಂಹಿತೆ ತನ್ನ ಚಿಕಿತ್ಸಾಸ್ಥಾನದ 28ನೇ ಅಧ್ಯಾಯದಲ್ಲಿ ಮಂಡೂಕಪರ್ಣಿಯನ್ನೂ ಬ್ರಾಹ್ಮಿಯನ್ನೂ ಬೇರೆಬೇರೆಯಾಗಿಯೇ ಹೇಳುತ್ತದೆ. ಚರಕ ಸಂಹಿತೆಯ ಮೇಧ್ಯ ರಸಾಯನಗಳಲ್ಲಿ, ಎಂದರೆ ಬುದ್ಧಿಗೆ ಬಲ ಕೊಡುವ ಔಷಧಗಳಲ್ಲಿ, ಮಂಡೂಕಪರ್ಣಿಯ ರಸಕ್ಕೆ ಮೊದಲ ಸ್ಥಾನ. ಪರೀಕ್ಷೆಯ ದಿನಗಳಲ್ಲಿ ನಮಗೆಲ್ಲ ತಿಮರೆಯ ತಂಬುಳಿ ಉಣ್ಣಿಸಿದ ತಾಯಂದಿರು ಚರಕನ ಹೆಸರು ಕೇಳಿರಲಿ ಬಿಡಲಿ, ಆ ಪರಂಪರೆಯ ಕೊನೆಯ ಕೊಂಡಿಗಳೇ ಆಗಿದ್ದರು.

ಅಚ್ಚಿನ ಲೋಕಕ್ಕೆ ಈ ಗಿಡ ನಮ್ಮ ಪಶ್ಚಿಮ ಕರಾವಳಿಯಿಂದಲೇ ಹೋಯಿತು. ಕೊಚ್ಚಿಯ ಡಚ್ ಗವರ್ನರನಾಗಿದ್ದ ಹೆಂಡ್ರಿಕ್ ವಾನ್ ರೀಡ್ ಬರೆಸಿದ ಹಾರ್ಟಸ್ ಮಲಬಾರಿಕಸ್ ಎಂಬ ಸಸ್ಯಕೋಶ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಅದಕ್ಕೆ ಮಾಹಿತಿ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಅದರ 10ನೇ ಸಂಪುಟದಲ್ಲಿ ಮಲಯಾಳದ ಹೆಸರಿನೊಡನೆ ಒಂದೆಲಗದ ಚಿತ್ರವಿದೆ. 1753ರಲ್ಲಿ ಲಿನೇಯಸ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಹೈಡ್ರೊಕೊಟೈಲ್ ಏಷಿಯಾಟಿಕಾ ಎಂದು ಕರೆದ; ಸೆಂಟೆಲ್ಲಾ ಎಂಬ ಇಂದಿನ ಹೆಸರು 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂದದ್ದು. ಇಲ್ಲಿಯವರೆಗಿನ ಕಥೆಯಲ್ಲಿ ಎಲೆಯೇ ಇದೆ, ರೋಗಿಯಿಲ್ಲ. ರೋಗಿ ಬರುವುದು 1850ರ ಸುಮಾರಿಗೆ, ಹಿಂದೂ ಮಹಾಸಾಗರದ ನಡುವಣ ಒಂದು ದ್ವೀಪದಲ್ಲಿ.

ಆಗ ಮಾರಿಷಸ್ ಬ್ರಿಟಿಷರ ಕೈಯಲ್ಲಿತ್ತು. ಗುಲಾಮಗಿರಿ ಕೊನೆಗೊಂಡ ಬಳಿಕ 1834ರಿಂದ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಹಡಗುಗಟ್ಟಲೆ ಅಲ್ಲಿನ ಕಬ್ಬಿನ ತೋಟಗಳಿಗೆ ಒಯ್ಯಲಾಗುತ್ತಿತ್ತು. ಕುಷ್ಠರೋಗ ಅಲ್ಲಿ ಬಹಳವಿತ್ತು. ಬೊಯ್ಲೊ ಎಂಬ ವೈದ್ಯ ಈ ಗಿಡವನ್ನು ಕುಷ್ಠಕ್ಕೆ ಬಳಸಿ ಉಪಯೋಗವಾಯಿತೆಂದು 1852ರಲ್ಲಿ ಪ್ರಕಟಪಡಿಸಿದ. ಕುಷ್ಠಕ್ಕೆ ಮದ್ದಿಲ್ಲದ ಕಾಲವದು. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಗುರುತಿಸಲು ಇನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು. ಅವನು ಅದನ್ನು ಕಂಡದ್ದು 1873ರಲ್ಲಿ. ಹಾಗಿರುವಾಗ ಒಂದು ಸೊಪ್ಪು ಕುಷ್ಠವನ್ನು ಗುಣಪಡಿಸುತ್ತದೆಂಬ ಸುದ್ದಿ ಎಷ್ಟು ವೇಗವಾಗಿ ಹಬ್ಬಿರಬೇಕು! ಪ್ಯಾರಿಸಿನ ವೈದ್ಯರೂ ಕಿವಿಗೊಟ್ಟರು. ನಮ್ಮ ನೆರೆಯ ಪಾಂಡಿಚೇರಿಯಲ್ಲಿ ಫ್ರೆಂಚ್ ಸರ್ಕಾರದ ಔಷಧತಜ್ಞನಾಗಿದ್ದ ಲೆಪಿನ್ ಒಣಗಿದ ಗಿಡವನ್ನು ವಿಶ್ಲೇಷಿಸಿ, ಕಹಿಯಾದ ಎಣ್ಣೆಯಂಥ ದ್ರವವೊಂದನ್ನು ಬೇರ್ಪಡಿಸಿ, ಇದೇ ಇದರ ಸಾರವೆಂದ. ಅದಕ್ಕೆ ಅವನಿಟ್ಟ ಹೆಸರು ವೆಲ್ಲರಿನ್. ಚೆನ್ನೈಯ ತರಕಾರಿಯವಳ ಬಾಯಲ್ಲಿ ಇಂದಿಗೂ ಇರುವ ವಲ್ಲಾರೈ ಎಂಬ ತಮಿಳು ಪದವೇ ಫ್ರೆಂಚ್ ರಸಾಯನಶಾಸ್ತ್ರದೊಳಗೆ ಹೀಗೆ ಒಂದು ಸಾರದ ಹೆಸರಾಯಿತು.

ಮದರಾಸಿನಲ್ಲಿಯೂ ಪ್ರಯೋಗ ನಡೆಯಿತು. 1855ರಲ್ಲಿ ಇಲ್ಲಿನ ಕುಷ್ಠಾಸ್ಪತ್ರೆಯಲ್ಲಿ ಡಾ. ಹಂಟರ್ ಎಂಬವರು ರೋಗಿಗಳಿಗೆ ಈ ಗಿಡವನ್ನು ಕೊಟ್ಟು ನೋಡಿದರು. ಅವರ ತೀರ್ಮಾನದ ಸಾರಾಂಶ ಮುಂದಿನ ಔಷಧಕೋಶಗಳಲ್ಲೆಲ್ಲ ದಾಖಲಾಗಿದೆ. ಕುಷ್ಠವನ್ನೇ ಹೋಗಲಾಡಿಸುವ ಮದ್ದೆಂದು ಇದನ್ನು ಹೇಳಲಾಗದು. ಆದರೆ ರೋಗದ ಬಾಧೆಗಳನ್ನು ತಗ್ಗಿಸುವುದರಲ್ಲಿ, ಒಟ್ಟು ಆರೋಗ್ಯವನ್ನು ಸುಧಾರಿಸುವುದರಲ್ಲಿ ಇದು ತುಂಬ ಉಪಯುಕ್ತ. ಇಷ್ಟೇ ಅವರ ತೀರ್ಮಾನ.

ಕಡತಗಳ ನಡುವೆಯೇ ಇಪ್ಪತ್ತು ವರ್ಷ ಕಳೆದ ನಮಗೆ ಈ ಟಿಪ್ಪಣಿಯ ಬೆಲೆ ಬೇಗ ಅರ್ಥವಾಯಿತು. ಮೇಲಿನವರು, ಹೊರಗಿನವರು, ಪತ್ರಿಕೆಯವರು ಎಲ್ಲರೂ 'ಹೌದು' ಎಂಬ ಉತ್ತರಕ್ಕೆ ಕಾದಿರುವಾಗ, 'ನೀವು ಕೇಳಿದ ಪ್ರಶ್ನೆಗೆ ಇಲ್ಲ, ಆದರೆ ಇನ್ನೊಂದು ಪ್ರಶ್ನೆಗೆ ಹೌದು' ಎಂದು ಬರೆಯುವುದು ಸುಲಭವಲ್ಲ. ಅಂಥ ಟಿಪ್ಪಣಿ ಯಾರಿಗೂ ರುಚಿಸುವುದಿಲ್ಲ. ಗುಣವಾಗುತ್ತದೆಂದಿದ್ದರೆ ಹಂಟರ್ ಪ್ರಸಿದ್ಧನಾಗುತ್ತಿದ್ದ. ಏನೂ ಆಗದೆಂದಿದ್ದರೆ ಕಡತ ಮುಚ್ಚುತ್ತಿತ್ತು. ಅವನು ಗುಣವನ್ನೂ ಹಿತವನ್ನೂ ಬೇರ್ಪಡಿಸಿದ. ನಮ್ಮ ಮಗಳ ವೈದ್ಯೆ 'ಹಿತ ಕೊಡುತ್ತದೆ, ಅಷ್ಟೇ' ಎಂದದ್ದು ಅದೇ ಊರಿನಲ್ಲಿ ಸುಮಾರು 170 ವರ್ಷ ಹಿಂದೆ ಬರೆದ ಟಿಪ್ಪಣಿಯ ಪುನರುಕ್ತಿಯೆಂದು ಅವರಿಗಾಗಲಿ ನಮಗಾಗಲಿ ಆಗ ತಿಳಿದಿರಲಿಲ್ಲ.

1868ರಲ್ಲಿ ಎಡ್ವರ್ಡ್ ವೇರಿಂಗ್ ಸಂಪಾದಿಸಿದ ಭಾರತದ ಔಷಧಕೋಶ ಹಂಟರನ ಮಾರ್ಗವನ್ನೇ ಹಿಡಿಯಿತು. ಅದರಲ್ಲಿ ಒಂದೆಲಗಕ್ಕೆ ಅಧಿಕೃತ ಸ್ಥಾನ ದೊರೆಯಿತು. ಒಳಗೆ ತೆಗೆದುಕೊಳ್ಳುವ ಪುಡಿ, ಹುಣ್ಣಿನ ಮೇಲೆ ಕಟ್ಟುವ ಎಲೆಯ ಪಟ್ಟು ಎರಡನ್ನೂ ಅದು ಹೇಳಿತು. ಆದರೆ ಲೆಪಿನನ ವೆಲ್ಲರಿನ್ ನಿಲ್ಲಲಿಲ್ಲ. ಯುರೋಪಿನ ಔಷಧತಜ್ಞರಾದ ಫ್ಲೂಕಿಗರ್ ಮತ್ತು ಹ್ಯಾನ್ಬರಿ ತಮ್ಮ ಮಾದರಿಯಲ್ಲಿ ಹುಡುಕಿದಾಗ ಅದು ಅವರಿಗೆ ದೊರೆಯಲಿಲ್ಲ. ಸಾರವೇ ಸಿಗದ ಮೇಲೆ ವಿಲಾಯತಿಯ ಆಸಕ್ತಿಯೂ ಇಳಿಯಿತು.

ಆ ಕಾಲದ ಇನ್ನೊಂದು ದಾಖಲೆ ಮುಂಬಯಿಯ ಓದುಗರಿಗೆ ಹತ್ತಿರದ್ದು. ಮುಂಬಯಿಯಲ್ಲಿ ಸೇನೆಯ ಔಷಧ ಉಗ್ರಾಣದ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ಡೈಮಾಕ್ ಇಬ್ಬರು ಸಹಲೇಖಕರೊಡನೆ 1890ರ ದಶಕದ ಮೊದಲ ವರ್ಷಗಳಲ್ಲಿ ಹೊರತಂದ ಫಾರ್ಮಕೊಗ್ರಾಫಿಯಾ ಇಂಡಿಕಾ ಎಂಬ ಗ್ರಂಥವದು. ಡೈಮಾಕ್ ಕೊಂಕಣದ ಜನ ಈ ಎಲೆಯನ್ನು ಹೇಗೆ ಬಳಸುತ್ತಾರೆಂಬುದನ್ನು ಬರೆದಿಟ್ಟಿದ್ದಾನೆ. ಮಾತು ತೊದಲುವ ಮಕ್ಕಳಿಗೆ ದಿನಕ್ಕೆ ಒಂದೆರಡು ಎಲೆ ತಿನ್ನಿಸುವುದು. ಪಿತ್ತದಿಂದ, ರಕ್ತದ ಉಷ್ಣದಿಂದ ಎದ್ದವೆಂದು ನಂಬಲಾದ ಚರ್ಮದ ಗುಳ್ಳೆಗಳಿಗೆ ಎಲೆಯ ರಸ ಹಚ್ಚುವುದು. ಉರಿಯುವ ಚರ್ಮಕ್ಕೆ ತಂಪಾಗಿ ಹಚ್ಚುವ ರೂಢಿ ನಮ್ಮ ಕರಾವಳಿಯಲ್ಲಿ ಹಿಂದಿನಿಂದಲೂ ಇತ್ತೆಂಬುದಕ್ಕೆ ಇದು ಲಿಖಿತ ಸಾಕ್ಷ್ಯ. 'ನಮ್ಮದನ್ನೇ ನಮಗೆ' ಎಂಬ ಮಾತಿಗೆ ಇಷ್ಟರ ಮಟ್ಟಿಗೆ ಆಧಾರವಿದೆ. ಆದರೆ ಟ್ಯೂಬಿನೊಳಗಿರುವುದು ಎಲೆಯ ರಸವಲ್ಲ. ಅಲ್ಲಿಗೆ ತಲುಪಲು ಕಥೆ ಮತ್ತೊಮ್ಮೆ ಸಮುದ್ರ ದಾಟಬೇಕು.

ಮಾರಿಷಸ್ಸಿನ ಪಕ್ಕದ ದೊಡ್ಡ ದ್ವೀಪ ಮಡಗಾಸ್ಕರ್. ಅಲ್ಲಿನವರು ಈ ಗಿಡವನ್ನು ತಲಪೆತ್ರಕ ಎನ್ನುತ್ತಾರೆ. ಫ್ರೆಂಚರ ಆಳ್ವಿಕೆಯಲ್ಲಿದ್ದ ಆ ನಾಡಿನ ಗಿಡದಿಂದ 1941ರಲ್ಲಿ ಬೊಂತೆಮ್ಸ್ ಎಂಬ ಸಂಶೋಧಕ ಬಿಳಿಯ ಹರಳಿನಂಥ ವಸ್ತುವೊಂದನ್ನು ಬೇರ್ಪಡಿಸಿದ. ಅದೇ ಏಷಿಯಾಟಿಕೊಸೈಡ್. ಲೆಪಿನನಿಗೆ ಸಿಕ್ಕಿ ಕೈತಪ್ಪಿದ ಸಾರದ ಅನ್ವೇಷಣೆ ಹೀಗೆ ನೂರಕ್ಕೆ ಹತ್ತಿರದ ವರ್ಷಗಳ ಮೇಲೆ ಒಂದು ನೆಲೆ ಮುಟ್ಟಿತು. ಅಂತನಾನರಿವೊ ನಗರದ ಸಸ್ಯೋದ್ಯಾನದೊಡನೆ ಹೆಸರು ಬೆಸೆದುಕೊಂಡಿರುವ ಫ್ರೆಂಚ್ ಸಸ್ಯಶಾಸ್ತ್ರಜ್ಞ ಪಿಯರ್ ಬ್ವಾತೊ ಅದನ್ನು ಅಲ್ಲಿನ ಕುಷ್ಠರೋಗಿಗಳ ಹುಣ್ಣುಗಳ ಮೇಲೆ ಪ್ರಯೋಗಿಸಿದ. ಪ್ಯಾರಿಸಿನ ಎಡ್ಗರ್ ಲೆಡರರ್, ಜುಡಿತ್ ಪೊಲೋನ್ಸ್ಕಿ ಮುಂತಾದ ರಸಾಯನಜ್ಞರು ಅದರ ರಚನೆಯನ್ನು ಬಿಡಿಸುತ್ತ ಹೋದರು: ಒಂದು ಆಮ್ಲದ ಬೆನ್ನಿಗೆ ಮೂರು ಸಕ್ಕರೆಗಳ ಸರಪಣಿ, ಎರಡು ಗ್ಲೂಕೋಸ್, ಒಂದು ರಾಮ್ನೋಸ್. ಅದರ ಜೊತೆಗಾರ ವಸ್ತುವಿಗೆ ಮದೆಕಾಸೊಸೈಡ್ ಎಂಬ ಹೆಸರು ಬಂತು. ಮಡಗಾಸ್ಕರದವರಿಗೆ ಹಳೆಯ ಫ್ರೆಂಚಿನಲ್ಲಿದ್ದ ಹೆಸರು ಮದೆಕಾಸ್. ಹಿಂದೆ ತಮಿಳಿನ ಪದಕ್ಕೆ ಆದ ಗತಿ ಈ ಬಾರಿ ಒಂದು ಜನಾಂಗದ ಹೆಸರಿಗೇ ಆಯಿತು.

ಈ ಹಂತದಲ್ಲಿ ಬರುವ ಆಲ್ಬರ್ಟ್ ರಕೋತೊ ರತ್ಸಿಮಮಂಗ ನಮ್ಮ ಓದುಗರು ತಿಳಿದಿರಬೇಕಾದ ವ್ಯಕ್ತಿ. 1907ರಲ್ಲಿ ಜನಿಸಿದ ಈ ಮಡಗಾಸ್ಕರಿನ ವೈದ್ಯ ಪ್ಯಾರಿಸಿನಲ್ಲಿ ಸಂಶೋಧಕನಾಗಿ ಬೆಳೆದವನು. 1946ರಲ್ಲಿ ತನ್ನ ನಾಡಿನ ಸ್ವಾತಂತ್ರ್ಯಕ್ಕಾಗಿ ಅಲ್ಲಿ ರೂಪುಗೊಂಡ ಪಕ್ಷದ ಸ್ಥಾಪಕರಲ್ಲೊಬ್ಬ. ಮರುವರ್ಷ ಮಾರ್ಚಿನಲ್ಲಿ ಮಡಗಾಸ್ಕರದಲ್ಲಿ ದಂಗೆಯೆದ್ದಾಗ ಫ್ರೆಂಚ್ ಸೇನೆ ಅದನ್ನು ಹತ್ತಾರು ಸಾವಿರ ಜೀವಗಳ ಬೆಲೆ ತೆತ್ತಿಸಿ ಅಡಗಿಸಿತು. ಅದೇ ವರ್ಷಗಳಲ್ಲಿ ರತ್ಸಿಮಮಂಗ ಮತ್ತು ಬ್ವಾತೊ ಕೂಡಿ ಈ ಗಿಡದ ಗಾಯ ಮಾಯಿಸುವ ಗುಣದ ಮೇಲೆ ಕೆಲಸ ಮಾಡುತ್ತಿದ್ದರು. 1956ರಲ್ಲಿ ಇಬ್ಬರೂ ಪ್ರಕಟಿಸಿದ ಪ್ರಬಂಧ ಮಾಯದ ಗಾಯಗಳು, ಕುಷ್ಠ, ಚರ್ಮದ ಕ್ಷಯಗಳಲ್ಲಿ ಏಷಿಯಾಟಿಕೊಸೈಡಿನ ಬಳಕೆಯನ್ನು ವಿವರಿಸಿತು. ಆ ಸಾರದಿಂದ ತಯಾರಾದ ಮುಲಾಮು ಮದೆಕಾಸೊಲ್. 1957ರಲ್ಲಿ ರತ್ಸಿಮಮಂಗ ತನ್ನ ನಾಡಿನಲ್ಲಿ ಸಸ್ಯೌಷಧಗಳ ಸಂಶೋಧನ ಸಂಸ್ಥೆಯೊಂದನ್ನು ಕಟ್ಟಿದ. ಮದೆಕಾಸೊಲ್‌ನ ಆದಾಯ ಅದಕ್ಕೆ ಆಸರೆಯಾಯಿತು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಫ್ರಾನ್ಸಿಗೆ ಮಡಗಾಸ್ಕರದ ಮೊದಲ ರಾಯಭಾರಿಯಾಗಿ ಹೋದವನೂ ಇವನೇ. ತನ್ನ ಮಣ್ಣಿನ ಎಲೆಯ ಮೇಲೆ ಹಕ್ಕನ್ನು ಬಾಯಿಮಾತಿನಲ್ಲಿ ಸಾಧಿಸದೆ, ಪ್ರಯೋಗಾಲಯ ಕಟ್ಟಿ ಸಾಧಿಸಿದ ಈ ಮನುಷ್ಯನ ಎದುರು ನಮ್ಮ ಉದ್ಗಾರ ತೀರಾ ಅಗ್ಗದ್ದೆನಿಸಿತು.

ಕುಷ್ಠದ ಪ್ರಶ್ನೆಗೆ ಕೊನೆಗೂ ಉತ್ತರ ದೊರೆತದ್ದು ಬೇರೆ ಕಡೆಯಿಂದ. 1940ರ ದಶಕದಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಸಲ್ಫೋನ್ ಎಂಬ ಗುಂಪಿನ ಔಷಧಗಳು ಕುಷ್ಠದ ಮೇಲೆ ಕೆಲಸ ಮಾಡುವುದು ಕಂಡುಬಂತು. ಅದೇ ದಶಕದ ಕೊನೆಯ ಭಾಗದಲ್ಲಿ ಚೆನ್ನೈಯ ಸಮೀಪದ ಚೆಂಗಲ್ಪಟ್ಟಿನ ಲೇಡಿ ವಿಲ್ಲಿಂಗ್ಡನ್ ಕುಷ್ಠಧಾಮದಲ್ಲಿ ರಾಬರ್ಟ್ ಕೊಕ್ರೇನ್ ಅದೇ ಗುಂಪಿನ ಡ್ಯಾಪ್ಸೋನನ್ನು ಬಳಸತೊಡಗಿದರು. 1955ರಲ್ಲಿ ಭಾರತ ಸರ್ಕಾರ ವಹಿಸಿಕೊಂಡ ಆ ಸ್ಥಳವೇ ಇಂದಿನ ಕೇಂದ್ರ ಕುಷ್ಠರೋಗ ಬೋಧನ ಮತ್ತು ಸಂಶೋಧನ ಸಂಸ್ಥೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಶಿಫಾರಸು ಮಾಡಿದ ಮೇಲೆ ಕುಷ್ಠ ನಿಶ್ಚಿತವಾಗಿ ಗುಣವಾಗುವ ರೋಗವಾಯಿತು. ಒಂದೆಲಗ ಆ ಕಣದಿಂದ ಹಿಂದೆ ಸರಿಯಿತು. ಅದರಿಂದ ಅದಕ್ಕೇನೂ ನಷ್ಟವಾಗಲಿಲ್ಲ. ಗುಣಪಡಿಸಬೇಕೆಂಬ ಹೊರೆ ಇಳಿದ ಮೇಲೆಯೇ ಅದು ತನಗೆ ಸಾಧ್ಯವಾದ ಕೆಲಸಕ್ಕೆ ಬಂತು. ಹಂಟರ್ ಹೇಳಿದ್ದ ಕೆಲಸ ಅದೇ.

ಆ ಕೆಲಸ ಏನೆಂಬುದನ್ನು ಮುಂದಿನ ದಶಕಗಳು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದವು. ಒಂದೆಲಗದಿಂದ ತೆಗೆದ ಪ್ರಮಾಣಿತ ಸಾರದಲ್ಲಿ ಸುಮಾರು ಶೇ. 40 ಏಷಿಯಾಟಿಕೊಸೈಡ್, ಉಳಿದದ್ದರಲ್ಲಿ ಹೆಚ್ಚುಕಡಿಮೆ ಸಮಪಾಲು ಏಷಿಯಾಟಿಕ್ ಆಮ್ಲ ಮತ್ತು ಮದೆಕಾಸಿಕ್ ಆಮ್ಲ. 1990ರ ದಶಕದಲ್ಲಿ ಫ್ರಾನ್ಸಿನ ಸಂಶೋಧಕರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯಚರ್ಮದ ಕೋಶಗಳಿಗೆ ಇವನ್ನು ಸೇರಿಸಿ, ಕೋಶಗಳು ಹೆಚ್ಚು ಕೊಲಾಜನ್ ತಯಾರಿಸುವುದನ್ನು ಕಂಡರು. ಕೊಲಾಜನ್ ಎಂದರೆ ಚರ್ಮದ ನೇಯ್ಗೆಯ ಹುರಿ. ಗಾಯ ಕೂಡಿಕೊಳ್ಳುವುದು ಅದರಿಂದಲೇ. 1999ರಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ಮುಖವನ್ನು ತೋರಿಸಿದರು. ಇಲಿಗಳ ಗಾಯಕ್ಕೆ ಏಷಿಯಾಟಿಕೊಸೈಡನ್ನು ದಿನಕ್ಕೆ ಎರಡು ಬಾರಿಯಂತೆ 7 ದಿನ ಹಚ್ಚಿದಾಗ, ಹೊಸದಾಗಿ ಕೂಡುತ್ತಿದ್ದ ಮಾಂಸದಲ್ಲಿ ಉತ್ಕರ್ಷಣ ನಿರೋಧಕಗಳ, ಎಂದರೆ ಆಂಟಿಆಕ್ಸಿಡೆಂಟುಗಳ ಪ್ರಮಾಣ ಏರಿತ್ತು.

ಇಂದಿನ ಜಾಹೀರಾತುಗಳಲ್ಲಿ ಸವೆದುಹೋಗಿರುವ ಈ ಪದವನ್ನು ಇಲ್ಲಿ ಒಮ್ಮೆ ಬಿಡಿಸಿ ನೋಡಬಹುದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದು ಆಮ್ಲಜನಕದ ಕೆಲಸ. ಅದಕ್ಕೇ ಹೋಳುಗಳನ್ನು ನೀರಿನಲ್ಲಿ ಮುಳುಗಿಸಿಡುತ್ತೇವೆ. ಗಾಯವಾದಾಗ, ಬಿಸಿಲು ತಾಗಿದಾಗ ಚರ್ಮದೊಳಗೂ ಆಮ್ಲಜನಕದ ಚಂಚಲ ರೂಪಗಳು ಹುಟ್ಟಿ ಸುತ್ತಲಿನ ಕೋಶಗಳನ್ನು ಕಾಡುತ್ತವೆ. ಅವನ್ನು ತಣಿಸಲು ಚರ್ಮವೇ ಕೆಲವು ಕಿಣ್ವಗಳನ್ನೂ ವಿಟಮಿನ್ನುಗಳನ್ನೂ ಇಟ್ಟುಕೊಂಡಿದೆ. ಲಖನೌದವರು ಕಂಡದ್ದು ಆ ಸ್ವಂತ ಸಂಗ್ರಹದ ಏರಿಕೆಯನ್ನು. ಅವರು ಇನ್ನೊಂದು ಮಾತನ್ನೂ ದಾಖಲಿಸಿದರು: 14ನೇ ದಿನಕ್ಕೆ ಆ ವ್ಯತ್ಯಾಸ ಉಳಿದಿರಲಿಲ್ಲ. ಗಾಯ ಮಾಯುವ ಮೊದಲ ಹಂತದಲ್ಲಿ ನೆರವು, ಅಲ್ಲಿಂದ ಮುಂದೆ ಶರೀರದ್ದೇ ಕೆಲಸ. ಹಂಟರನ ಪ್ರಾಮಾಣಿಕತೆಯ ಸಂತತಿ ಲಖನೌದಲ್ಲಿ ಮುಂದುವರಿದದ್ದನ್ನು ಕಂಡು ಸಂತೋಷವಾಯಿತು.

ಟ್ಯೂಬಿನ ಈಗಿನ ವೇಷಕ್ಕೆ ಕಾರಣ ಕೊರಿಯಾ. ಅಲ್ಲಿ ಮದೆಕಾಸೊಲ್ 1970ರ ದಶಕದಿಂದ ಮನೆಮನೆಯ ಗಾಯದ ಮುಲಾಮಾಗಿತ್ತು. ಅದನ್ನು ತಯಾರಿಸುವ ದೊಂಗ್‌ಕುಕ್ ಔಷಧ ಕಂಪನಿ 2015ರಲ್ಲಿ ಅದೇ ಸಾರವನ್ನು ಮುಖಕ್ಕೆ ಹಚ್ಚುವ ಕ್ರೀಮಾಗಿಸಿ ಸೆಂಟೆಲಿಯನ್ 24 ಎಂಬ ಹೆಸರಿನಲ್ಲಿ ತಂದಿತು. ಆಮೇಲೆ ಒಂದರ ಹಿಂದೊಂದು ಕಂಪನಿಗಳು ಬಂದವು. 'ಸಿಕಾ' ಎಂಬ ಪದ ಎಲ್ಲ ಪೆಟ್ಟಿಗೆಗಳನ್ನೂ ಏರಿತು. ಕಾಡಿನ ಹುಲಿಗಳು ಗಾಯವಾದಾಗ ಈ ಗಿಡದ ಮೇಲೆ ಹೊರಳಾಡುತ್ತವೆಂಬ ಕಥೆಯೂ ಅದರೊಡನೆ ಮಾರಾಟವಾಯಿತು. ಇಂಗ್ಲಿಷ್ ಎಂ.ಎ. ಓದಿದ ಹಳೆಯ ಚಟದಿಂದ ಸಿಕಾ ಪದದ ಬೇರನ್ನು ಹುಡುಕಿದೆವು. ಸಿಕಾಟ್ರಿಕ್ಸ್ ಎಂಬುದು ಲ್ಯಾಟಿನ್ ಮಾತು. ಮಾಯ್ದ ಗಾಯದ ಕಲೆಯೆಂದು ಅರ್ಥ. ಕಲೆಯೇ ಇಲ್ಲದ ಮುಖವನ್ನು ಆಶಿಸುವವರು ಕೊಳ್ಳುವ ಟ್ಯೂಬಿನ ಮೇಲೆ ಕಲೆಯ ಹೆಸರೇ ಅಚ್ಚಾಗಿದೆ.

ಯಾರ ಗಾಯದ ಕಲೆ ಎಂದು ಕೇಳಿಕೊಂಡಾಗ ನಮ್ಮ ಓದು ಒಂದು ಕ್ಷಣ ನಿಂತಿತು. ಮಾರಿಷಸ್ಸಿನ, ಮದರಾಸಿನ, ಮಡಗಾಸ್ಕರದ ಆಸ್ಪತ್ರೆಗಳಲ್ಲಿ ಈ ಸೊಪ್ಪಿನ ರಸ ಕುಡಿದವರು, ಪುಡಿ ನುಂಗಿದವರು, ಹುಣ್ಣಿಗೆ ಪಟ್ಟು ಕಟ್ಟಿಸಿಕೊಂಡವರು ಯಾರು? ಬೊಯ್ಲೊ, ಲೆಪಿನ್, ಹಂಟರ್, ಬ್ವಾತೊ, ಎಲ್ಲರ ಹೆಸರೂ ಪುಸ್ತಕಗಳಲ್ಲಿ ಸಿಕ್ಕಿತು. ನಾವು ಓದಿದ ಪುಟಗಳಲ್ಲಿ ಒಬ್ಬ ರೋಗಿಯ ಹೆಸರೂ ಇರಲಿಲ್ಲ. ಮನೆಯವರು ಹೊರಗಟ್ಟಿದವರು, ಊರು ಮುಟ್ಟದೆ ಬಿಟ್ಟವರು ಅವರು. ಕುಷ್ಠ ಚರ್ಮದ ಸ್ಪರ್ಶವನ್ನೇ ಕಿತ್ತುಕೊಳ್ಳುವ ರೋಗ. ಕೈ ಸುಟ್ಟರೂ ತಿಳಿಯದು. ತಿಳಿಯದ ಚರ್ಮದ ಮೇಲೆ ಕಲಿತ ವಿದ್ಯೆ, ಇಂದು ಅತಿಯಾಗಿ ತಿಳಿಯುವ, ಚುರುಗುಟ್ಟುವ ಚರ್ಮಕ್ಕೆ ಸಾಂತ್ವನವಾಗಿ ಬಂದಿದೆ. ಈ ಎಲೆ ನಮ್ಮದು ಎನ್ನುವಾಗ ಅವರನ್ನೂ ನಮ್ಮವರು ಎನ್ನಬೇಕಾಗುತ್ತದೆ. ಅವರಲ್ಲಿ ಬಹಳ ಮಂದಿ ನಮ್ಮ ಕರಾವಳಿಗಳಿಂದಲೇ ಹಡಗು ಹತ್ತಿದವರು, ಅಥವಾ ಇದೇ ಮದರಾಸಿನ ಬೀದಿಗಳಲ್ಲಿದ್ದವರು.

ಮನೆಯ ಕಥೆಯನ್ನು ಮುಗಿಸಿಬಿಡುತ್ತೇವೆ. ತಾಯಿಯವರು ತಂದ ಸೊಪ್ಪಿನಲ್ಲಿ ಅರ್ಧವನ್ನು ಅರೆದು ಮೊಮ್ಮಗಳ ಕೆನ್ನೆಗೆ ಹಚ್ಚಲು ಹೊರಟಿದ್ದರು. ವೈದ್ಯೆಗೆ ಫೋನು ಮಾಡಿ ಕೇಳಿದೆವು. ಕೆರಳಿದ ಚರ್ಮಕ್ಕೆ ಹಸಿ ಎಲೆ ಬೇಡ, ಕೆಲವರಿಗೆ ಅದರಿಂದಲೂ ತುರಿ ಏಳುವುದುಂಟು ಎಂದರು. ತಾಯಿಯವರು ಒಂದು ಮಾತೂ ಆಡದೆ ಅರೆದದ್ದಕ್ಕೆ ತೆಂಗಿನತುರಿ, ಮಜ್ಜಿಗೆ ಸೇರಿಸಿದರು. ಅಂದು ಮಧ್ಯಾಹ್ನ ಎಲ್ಲರಿಗೂ ತಂಬುಳಿಯ ಊಟ. ಮಗಳ ಮುಖ ಹದಕ್ಕೆ ಬರಲು ಐದು ತಿಂಗಳಾಯಿತು. ಟ್ಯೂಬಿನಿಂದಲೇ ಎಂದು ನಾವು ಹೇಳಲಾರೆವು. ಆ ಹಾಳು ಕ್ರೀಮನ್ನು ನಿಲ್ಲಿಸಿದ್ದೇ ಮುಖ್ಯ ಚಿಕಿತ್ಸೆಯೆಂದು ವೈದ್ಯೆ ಮೊದಲ ದಿನವೇ ತಿಳಿಸಿದ್ದರು. ಉರಿಯ ದಿನಗಳಲ್ಲಿ ಟ್ಯೂಬು ಹಿತ ಕೊಟ್ಟಿತೆಂಬುದನ್ನು ಮಗಳೇ ಹೇಳುತ್ತಾಳೆ.

ಬೆಳ್ಳಗಾಗಿಸುತ್ತೇನೆಂದ ಕ್ರೀಮು ಅವಳ ಮುಖ ಸುಟ್ಟಿತು. ಹಿತ ಕೊಡುತ್ತೇನೆಂದಷ್ಟೇ ಹೇಳಿದ್ದು ಹೇಳಿದಷ್ಟನ್ನು ಮಾಡಿತು. ಈಗ ಅದೇ ಎಲೆಯ ಹೆಸರಿನಲ್ಲಿ ಮೊಡವೆ ಹೋಗುತ್ತದೆ, ಸುಕ್ಕು ಹೋಗುತ್ತದೆ, ವಯಸ್ಸೇ ಹೋಗುತ್ತದೆ ಎಂಬ ಫಲಕಗಳು ಏಳುತ್ತಿವೆ. 1852ರಲ್ಲಿ ಕುಷ್ಠವೇ ಹೋಗುತ್ತದೆಂದು ಎದ್ದ ಸುದ್ದಿಗೂ ಇವಕ್ಕೂ ಹೆಚ್ಚು ಅಂತರವಿಲ್ಲ. ಮುಂದೆ ಯಾರಾದರೊಬ್ಬರು ಕುಳಿತು ಹಂಟರನಂತೆ, ಲಖನೌದವರಂತೆ ಎಷ್ಟು ಹೌದು, ಎಷ್ಟು ಇಲ್ಲ ಎಂದು ಬರೆಯಬೇಕಾಗುತ್ತದೆ.

ತಾಯಿಯವರು ಊರಿಗೆ ಹಿಂತಿರುಗುವ ಮುನ್ನ ಕಟ್ಟಿನಲ್ಲಿದ್ದ ಬೇರುಸಹಿತ ಕಾಂಡಗಳೆರಡನ್ನು ಬಾಲ್ಕನಿಯ ಕುಂಡದಲ್ಲಿ ಊರಿ ಹೋದರು. ಚೆನ್ನೈಯ ಬಿಸಿಲಿಗೆ ಬದುಕದೆಂದು ನಾವು ಭಾವಿಸಿದ್ದೆವು. ಏ.ಸಿ. ಯಂತ್ರದ ನೀರು ತೊಟ್ಟಿಕ್ಕುವ ಮೂಲೆಗೆ ಮಗಳು ಆ ಕುಂಡವನ್ನು ಸರಿಸಿಟ್ಟಳು. ಈಗ ಅದರಲ್ಲಿ ತೊಟ್ಟಿಗೊಂದರಂತೆ ಇಪ್ಪತ್ತಕ್ಕೆ ಮೀರಿ ಎಲೆಗಳಿವೆ.